ಹಳೇ ಡಿಸ್ಕ್‌ಗಳ ಕೂಡು ಕುಟುಂಬ: ಮನೆಯ ಸ್ಟೋರೇಜ್ ಪೆಟ್ಟಿಗೆ ಬಂದ ದಾರಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆ ಹಾರ್ಡ್ ಡಿಸ್ಕ್ ಬಗ್ಗೆ. ಅಯ್ಯೋ, ಇದರಲ್ಲೇನಿದೆ ಅಂತ ಮುಂದಕ್ಕೆ ಓಡಿಸಬೇಡಿ. ಕೊನೆಗೆ ಇದು ಬಂದು ನಿಲ್ಲೋದು ನಿಮ್ಮ ಫೋನ್‌ನಲ್ಲಿರೋ ಫೋಟೋಗಳ ಮೇಲೆ, ಅವುಗಳಿಗೆ ನೀವು ಎಷ್ಟು ವರ್ಷ ಬಾಡಿಗೆ ಕಟ್ತೀರಿ ಅನ್ನೋ ಪ್ರಶ್ನೆ ಮೇಲೆ.

2021ರ ಜೂನ್ 1 ನೆನಪಿದೆಯಾ? ಅವತ್ತು ಗೂಗಲ್ ಫೋಟೋಸ್‌ನಲ್ಲಿ ಎಷ್ಟು ಬೇಕಾದರೂ ಫೋಟೋ ಬಿಟ್ಟಿಯಾಗಿ ಇಡುವ ಸೌಲಭ್ಯ ನಿಂತುಹೋಯಿತು. ಅಲ್ಲಿಂದ ಮುಂದೆ ಮೇಲ್, ಡ್ರೈವ್, ಫೋಟೋ ಎಲ್ಲಾ ಸೇರಿ 15 ಜಿಬಿ. ಅದು ದಾಟಿದರೆ ತಿಂಗಳಿಗಿಷ್ಟು ಅಂತ ಕಟ್ಟಬೇಕು. ನನ್ನಂಥ ಪಾಡ್‌ಕಾಸ್ಟ್ ಮಾಡೋರಿಗೆ ಇದು ಇನ್ನೂ ಬೇಗ ತಟ್ಟುತ್ತೆ. ಒಳ್ಳೇ ಗುಣಮಟ್ಟದಲ್ಲಿ ರೆಕಾರ್ಡ್ ಮಾಡಿದ ಒಂದು ಗಂಟೆಯ ಸ್ಟೀರಿಯೋ ಆಡಿಯೋ ಹೆಚ್ಚುಕಮ್ಮಿ ಒಂದು ಜಿಬಿ ತಿನ್ನುತ್ತೆ. ಹದಿನೈದು ಮಾತುಕತೆ ಆದ್ರೆ ಕಥೆ ಮುಗೀತು.

ಇತ್ತ ಎಷ್ಟೋ ಮನೆಗಳಲ್ಲಿ ಹಳೇ ಲ್ಯಾಪ್‌ಟಾಪ್‌ನಿಂದ, ಕೆಟ್ಟ ಸಿಪಿಯುನಿಂದ ಬಿಚ್ಚಿಟ್ಟ ಡಿಸ್ಕ್‌ಗಳು ಸುಮ್ಮನೆ ಬಿದ್ದಿರುತ್ತವೆ. ಒಂದು 500 ಜಿಬಿ, ಇನ್ನೊಂದು 1 ಟಿಬಿ, ಮತ್ತೊಂದು 2 ಟಿಬಿ. ಇವನ್ನೆಲ್ಲಾ ಒಂದು ಪೆಟ್ಟಿಗೆಗೆ ಹಾಕಿ, ರೌಟರ್‌ಗೆ ಒಂದು ಕೇಬಲ್ ಕೊಟ್ಟು, ಮನೆಮಂದಿಯೆಲ್ಲಾ ಬಳಸೋ ಹಾಗೆ ಮಾಡಿದರೆ ಅದಕ್ಕೆ ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್, ಚಿಕ್ಕದಾಗಿ ನ್ಯಾಸ್ ಅಂತಾರೆ. ಮಜಾ ಏನಂದ್ರೆ, ನಮ್ಮಲ್ಲಿ 'ನ್ಯಾಸ' ಅಂತ ಒಂದು ಹಳೇ ಪದ ಇದೆ. ನಂಬಿಕೆಯ ಮೇಲೆ ಒಬ್ಬರ ಹತ್ತಿರ ಇಟ್ಟ ಒಡವೆ, ಠೇವಣಿ ಅಂತ ಅದರರ್ಥ. ಎರಡಕ್ಕೂ ಸಂಬಂಧ ಇಲ್ಲ, ಬರೀ ಕಾಕತಾಳೀಯ. ಆದರೆ ನಮ್ಮ ಇವತ್ತಿನ ವಿಷಯ ಅದೇ: ಒಂದೊಂದಾಗಿ ನೋಡಿದರೆ ನಂಬೋಕೆ ಆಗದ ಡಿಸ್ಕ್‌ಗಳನ್ನ ಒಟ್ಟಾಗಿ ನಂಬಬಹುದು ಅನ್ನೋ ವಿಚಾರ ಎಲ್ಲಿಂದ ಬಂತು, ಎಷ್ಟರ ಮಟ್ಟಿಗೆ ನಂಬಬಹುದು.

ಶುರುವಾಗಿದ್ದೇ ಬಾಡಿಗೆಯಲ್ಲಿ

1956ನೇ ಇಸವಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರೋ ಸ್ಯಾನ್ ಹೋಸೆ. ಐಬಿಎಂ ಕಂಪನಿಯ ಇಂಜಿನಿಯರ್‌ಗಳು ರೆನಾಲ್ಡ್ ಜಾನ್ಸನ್ ಅವರ ನೇತೃತ್ವದಲ್ಲಿ ಒಂದು ಯಂತ್ರ ಮಾಡಿದರು. ಹೆಸರು 305 ರಾಮ್ಯಾಕ್. ಅದರೊಳಗೆ 24 ಇಂಚು ಅಗಲದ 50 ತಟ್ಟೆಗಳು ಒಂದರ ಮೇಲೊಂದು ತಿರುಗುತ್ತಿದ್ದವು. ತೂಕ ಒಂದು ಟನ್‌ಗೂ ಜಾಸ್ತಿ. ಇಷ್ಟೆಲ್ಲಾ ಸೇರಿ ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಅಂದ್ರೆ ಇವತ್ತು ನೀವು ಫೋನ್‌ನಲ್ಲಿ ತೆಗೆಯೋ ಒಂದೇ ಒಂದು ಫೋಟೋದಷ್ಟು.

ಬಿ.ಕಾಂ. ಓದಿದ ನನಗೆ ಇದರಲ್ಲಿ ತುಂಬಾ ಇಷ್ಟವಾಗಿದ್ದು ಆ ಹೆಸರು. ರಾಮ್ಯಾಕ್ ಅನ್ನೋದರ ಪೂರ್ತಿ ರೂಪ 'ರ‍್ಯಾಂಡಮ್ ಆಕ್ಸೆಸ್ ಮೆಥಡ್ ಆಫ್ ಅಕೌಂಟಿಂಗ್ ಅಂಡ್ ಕಂಟ್ರೋಲ್'. ಹಾರ್ಡ್ ಡಿಸ್ಕ್ ಹುಟ್ಟಿದ್ದೇ ಲೆಕ್ಕಪತ್ರಕ್ಕೆ! ಅಲ್ಲಿಯವರೆಗೆ ಲೆಕ್ಕವೆಲ್ಲಾ ತೂತು ಹೊಡೆದ ಕಾರ್ಡ್‌ಗಳಲ್ಲಿ ಇರುತ್ತಿತ್ತು. ಒಬ್ಬ ಗಿರಾಕಿಯ ಬಾಕಿ ನೋಡಬೇಕಂದ್ರೆ ಕಟ್ಟುಗಟ್ಟಲೆ ಕಾರ್ಡ್ ಓಡಿಸಬೇಕು. ರಾಮ್ಯಾಕ್‌ನಲ್ಲಿ ಲೆಡ್ಜರ್‌ನ ಬೇಕಾದ ಪುಟಕ್ಕೆ ನೇರವಾಗಿ ಕೈ ಹಾಕಬಹುದಿತ್ತು.

ಇದನ್ನು ಐಬಿಎಂ ಬಾಡಿಗೆಗೆ ಕೊಡುತ್ತಿತ್ತು, ತಿಂಗಳಿಗೆ 3,200 ಡಾಲರ್. ಅಂದ್ರೆ ಇವತ್ತು ನಮ್ಮ ಕ್ಲೌಡ್‌ಗೆ ತಿಂಗಳ ಬಿಲ್ ಕಟ್ಟೋ ಪದ್ಧತಿ ಹೊಸದೇನಲ್ಲ. ಡಿಸ್ಕ್‌ನ ಮೊದಲ ದಿನದಿಂದಲೂ ದೊಡ್ಡವರ ಯಂತ್ರದಲ್ಲಿ ಜಾಗ ಹಿಡಿದವರು ಬಾಡಿಗೆದಾರರೇ. ಡಿಸ್ಕ್ ನಮ್ಮದೇ ಆಗಿದ್ದು ಮಧ್ಯದಲ್ಲಿ, ಪಿಸಿ ಬಂದಮೇಲೆ.

ಬರ್ಕ್ಲಿಯ ಮೂವರು, ಮತ್ತು 300 ಗಂಟೆ

ಸರಿ, ಮೂವತ್ತು ವರ್ಷ ಮುಂದಕ್ಕೆ ಹೋಗೋಣ. 1980ರ ದಶಕದ ಕೊನೆ. ದೊಡ್ಡ ಬ್ಯಾಂಕು, ವಿಮಾನ ಕಂಪನಿಗಳು ಬಳಸ್ತಾ ಇದ್ದದ್ದು ಐಬಿಎಂ 3380 ಥರದ ದೈತ್ಯ ಡಿಸ್ಕ್‌ಗಳನ್ನ. ಇನ್ನೊಂದು ಕಡೆ ಪಿಸಿ ಮಾರುಕಟ್ಟೆ ಬೆಳೆದು ಕಾನರ್ ಅನ್ನೋ ಕಂಪನಿಯ ಮೂರೂವರೆ ಇಂಚಿನ ಪುಟ್ಟ ಡಿಸ್ಕ್ ಬಂದಿತ್ತು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್‌ನಲ್ಲಿ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಅನ್ನೋ ಮೂವರು ಈ ಎರಡನ್ನೂ ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಿದರು. ಐಬಿಎಂನದು 7,500 ಎಂಬಿ, ಕಾನರ್‌ನದು 100 ಎಂಬಿ. ಅಂದ್ರೆ 75 ಪುಟ್ಟ ಡಿಸ್ಕ್ ಸೇರಿದರೆ ಒಂದು ದೈತ್ಯ. ದೈತ್ಯಕ್ಕೆ ಬೇಕಾದ ಕರೆಂಟು 6,600 ವ್ಯಾಟ್. ಪುಟ್ಟದಕ್ಕೆ 10 ವ್ಯಾಟ್, 75ಕ್ಕೆ 750. ಒಂದು ಎಂಬಿಗೆ ಬೀಳೋ ಬೆಲೆಯೂ ಪುಟ್ಟದರಲ್ಲೇ ಕಮ್ಮಿ. ಹಾಗಾದರೆ ದೈತ್ಯ ಯಾಕೆ ಬೇಕು?

ಒಂದೇ ಅಡ್ಡಿ. ಪುಟ್ಟ ಡಿಸ್ಕ್ ಸರಾಸರಿ 30,000 ಗಂಟೆ ಬಾಳುತ್ತೆ ಅಂತಿಟ್ಟುಕೊಳ್ಳಿ, ಹತ್ತಿರಹತ್ತಿರ ಮೂರೂವರೆ ವರ್ಷ. ನೂರು ಡಿಸ್ಕ್ ಒಟ್ಟಿಗೆ ಓಡಿಸಿದರೆ ಅವುಗಳಲ್ಲಿ ಒಂದಾದರೂ ಕೆಡೋಕೆ ಸರಾಸರಿ 300 ಗಂಟೆ ಸಾಕು. ಎರಡು ವಾರ ಕೂಡ ಇಲ್ಲ! ಎರಡು ವಾರಕ್ಕೊಮ್ಮೆ ಬ್ಯಾಂಕಿನ ಲೆಡ್ಜರ್‌ನ ಒಂದು ಭಾಗ ಮಾಯವಾದರೆ ಯಾರು ಒಪ್ತಾರೆ?

ಡಿಸ್ಕ್ ಕೆಡೋದನ್ನು ತಡೆಯೋಕೆ ಈ ಮೂವರು ಹೋಗಲಿಲ್ಲ. ಕೆಡುತ್ತೆ ಅಂತಲೇ ಒಪ್ಪಿಕೊಂಡು, ಕೆಟ್ಟರೂ ಲೆಕ್ಕ ತಪ್ಪದ ಹಾಗೆ ಏನು ಮಾಡಬಹುದು ಅಂತ ಕೇಳಿದರು. 1987ರಲ್ಲಿ ಅದನ್ನು ಬರೆದಿಟ್ಟು, 1988ರಲ್ಲಿ ಶಿಕಾಗೋದ ಒಂದು ಸಮ್ಮೇಳನದಲ್ಲಿ ಮಂಡಿಸಿದರು. 'ರಿಡಂಡೆಂಟ್ ಅರೇ ಆಫ್ ಇನ್‌ಎಕ್ಸ್‌ಪೆನ್ಸಿವ್ ಡಿಸ್ಕ್ಸ್', ಅಂದ್ರೆ ರೇಡ್ ಅನ್ನೋ ಹೆಸರು ಬಂದಿದ್ದು ಅಲ್ಲಿಂದ. ಅಗ್ಗದ ಡಿಸ್ಕ್‌ಗಳ ಗುಂಪು, ಜೊತೆಗೆ ಸ್ವಲ್ಪ ಹೆಚ್ಚುವರಿ.

ಎಲ್ಲವೂ ಅವರದೇ ಹೊಸ ಕಲ್ಪನೆ ಅಂತಲ್ಲ. ಒಂದೇ ಮಾಹಿತಿಯನ್ನು ಎರಡು ಡಿಸ್ಕ್‌ನಲ್ಲಿ ಬರೆಯೋದನ್ನ ಟ್ಯಾಂಡಮ್ ಅನ್ನೋ ಕಂಪನಿ 1970ರ ದಶಕದಲ್ಲೇ ಮಾಡಿತ್ತು. ಐಬಿಎಂನ ನಾರ್ಮನ್ ಕೆನ್ ಔಚಿ ಅವರಿಗೆ ಕೆಟ್ಟ ಡಿಸ್ಕ್‌ನ ಮಾಹಿತಿ ಮರಳಿ ಪಡೆಯೋ ವಿಧಾನಕ್ಕೆ 1978ರಲ್ಲೇ ಪೇಟೆಂಟ್ ಸಿಕ್ಕಿತ್ತು. ಬರ್ಕ್ಲಿಯವರು ಇವನ್ನೆಲ್ಲಾ ಒಂದು ಕ್ರಮಕ್ಕೆ ತಂದು, ಹೆಸರಿಟ್ಟು, ಹಣದ ಲೆಕ್ಕ ತೋರಿಸಿದರು. ಮಾರನೇ ವರ್ಷ, 1989ರಲ್ಲಿ, 28 ಡಿಸ್ಕ್‌ಗಳ ಮಾದರಿಯನ್ನೂ ಕಟ್ಟಿದರು.

ಕಳೆದುಹೋದ ಚೀಟಿ ಹುಡುಕೋ ಲೆಕ್ಕ

ಈ 'ಸ್ವಲ್ಪ ಹೆಚ್ಚುವರಿ' ಹೇಗೆ ಕೆಲಸ ಮಾಡುತ್ತೆ? ಅಂಗಡಿ ಲೆಕ್ಕದಲ್ಲಿ ಹೇಳ್ತೀನಿ.

ಮೂರು ಚೀಟಿ ಇವೆ. 300 ರೂಪಾಯಿ, 450 ರೂಪಾಯಿ, 250 ರೂಪಾಯಿ. ನಾಲ್ಕನೇ ಚೀಟಿಯಲ್ಲಿ ಒಟ್ಟು ಮೊತ್ತ ಬರೆದಿಟ್ಟಿದ್ದೀರಿ: 1,000. ಈಗ ಎರಡನೇ ಚೀಟಿ ಕಳೆದುಹೋಯ್ತು. ಗಾಬರಿ ಬೇಡ. 1,000ದಲ್ಲಿ 300, 250 ಕಳೆಯಿರಿ, 450 ಸಿಕ್ಕಿತು. ಮೂರರಲ್ಲಿ ಯಾವುದು ಕಳೆದರೂ ಸಿಗುತ್ತೆ. ಮೊತ್ತದ ಚೀಟಿಯೇ ಕಳೆದರೆ ಮತ್ತೆ ಕೂಡಿದರಾಯ್ತು. ಆದರೆ ಒಂದೇ ಸಲ ಎರಡು ಚೀಟಿ ಹೋದರೆ? ಮುಗೀತು, ಲೆಕ್ಕ ಕೂಡಲ್ಲ.

ಈ ಮೊತ್ತದ ಚೀಟಿಗೆ ಕಂಪ್ಯೂಟರ್‌ನವರು ಪ್ಯಾರಿಟಿ ಅಂತಾರೆ. ಕೂಡೋ ಬದಲು ಸೊನ್ನೆ–ಒಂದುಗಳಲ್ಲಿ ಸರಿ ಇದೆಯಾ ಬೆಸ ಇದೆಯಾ ಅಂತ ನೋಡ್ತಾರೆ, ಅಷ್ಟೇ. ರೇಡ್ 5 ಅಂದ್ರೆ ಈ ಮೊತ್ತವನ್ನು ಎಲ್ಲಾ ಡಿಸ್ಕ್‌ಗಳಿಗೂ ಹಂಚಿ ಬರೆಯೋದು. ರೇಡ್ 1 ಅಂದ್ರೆ ಸೀದಾ ಕಾರ್ಬನ್ ಕಾಪಿ.

ಇಲ್ಲಿ ಒಂದು ತಮಾಷೆ ನಡೀತು. ಮುಂದೆ ಕಂಪನಿಗಳು ರೇಡ್ ಪೆಟ್ಟಿಗೆಗಳನ್ನ ಲಕ್ಷಾಂತರ ಬೆಲೆಗೆ ಮಾರೋಕೆ ಶುರು ಮಾಡಿದವು. ಅಷ್ಟು ದುಡ್ಡು ತಗೊಂಡು ಹೆಸರಲ್ಲಿ 'ಅಗ್ಗ' ಅಂತ ಇಟ್ಟುಕೊಳ್ಳೋದು ಹೇಗೆ? 'ಇನ್‌ಎಕ್ಸ್‌ಪೆನ್ಸಿವ್' ಹೋಗಿ 'ಇಂಡಿಪೆಂಡೆಂಟ್' ಬಂತು. ಅಕ್ಷರ ಅದೇ, ಅರ್ಥ ಬೇರೆ. ಅಗ್ಗದವರ ಸೂತ್ರವಾಗಿ ಹುಟ್ಟಿದ್ದು ಸಿರಿವಂತರ ಸರ್ವರ್ ರೂಮ್ ಸೇರಿತು.

ಮನೆಗೆ ಬಂದ ಬಗೆ

ವಾಪಸ್ ಅಗ್ಗದ ಕಡೆಗೆ ತಂದವರು ಮತ್ತೆ ವಿದ್ಯಾರ್ಥಿಗಳು, ಹವ್ಯಾಸಿಗಳು.

ಮೊದಲು ನೆಟ್‌ವರ್ಕ್ ವಿಷಯ. ಒಂದು ಯಂತ್ರದ ಡಿಸ್ಕನ್ನು ಇನ್ನೊಂದು ಯಂತ್ರದಿಂದ ತನ್ನದೇ ಅನ್ನೋ ಹಾಗೆ ಬಳಸೋಕೆ ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ಎನ್‌ಎಫ್‌ಎಸ್ ತಂದಿತ್ತು. ಆದರೆ ಮನೆಯ ಪಿಸಿಗಳಿಗೆ ಅದು ದೂರದ ಮಾತು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪಿಎಚ್‌ಡಿ ಮಾಡ್ತಿದ್ದ ಆಂಡ್ರ್ಯೂ ಟ್ರಿಜೆಲ್ ಅನ್ನೋ ವಿದ್ಯಾರ್ಥಿ 1991–92ರ ಹೊತ್ತಿಗೆ ಕೇಬಲ್‌ನಲ್ಲಿ ಹರಿಯೋ ಮಾಹಿತಿಯನ್ನೇ ಗಮನಿಸಿ, ಪಿಸಿಗಳು ಮಾತಾಡೋ ಭಾಷೆಯನ್ನು ಯೂನಿಕ್ಸ್ ಯಂತ್ರಕ್ಕೆ ಕಲಿಸಿದರು. ಆ ಭಾಷೆಯ ಹೆಸರು ಎಸ್‌ಎಂಬಿ. ಎಸ್, ಎಂ, ಬಿ ಮೂರೂ ಅಕ್ಷರ ಇರೋ ಪದ ನಿಘಂಟಿನಲ್ಲಿ ಹುಡುಕಿಸಿದಾಗ ಸಿಕ್ಕಿದ್ದು 'ಸಾಂಬಾ'. ಇವತ್ತಿನ ಹೆಚ್ಚಿನ ನ್ಯಾಸ್ ಪೆಟ್ಟಿಗೆಗಳ ಒಳಗೆ ಕೂತು ನಿಮ್ಮ ವಿಂಡೋಸ್ ಲ್ಯಾಪ್‌ಟಾಪ್‌ಗೆ ಫೈಲ್ ತೋರಿಸ್ತಾ ಇರೋದು ಇದೇ ಸಾಂಬಾ.

1996ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಬ್ಬರು ವಿದ್ಯಾರ್ಥಿಗಳು, ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್, 4 ಜಿಬಿಯ ಹತ್ತು ಡಿಸ್ಕ್‌ಗಳನ್ನ ಲೆಗೋ ಇಟ್ಟಿಗೆಯಿಂದ ಮಾಡಿದ ಪೆಟ್ಟಿಗೆಯಲ್ಲಿ ಜೋಡಿಸಿದರು. ಒಟ್ಟು 40 ಜಿಬಿ. ಗೂಗಲ್ ಆಗಿ ಬೆಳೆದ ಯೋಜನೆಯ ಸ್ಟೋರೇಜ್ ಅದು. ಈಗ ನಮಗೆ ಜಾಗ ಬಾಡಿಗೆಗೆ ಕೊಡೋರ ಕಥೆಯೂ ಮಕ್ಕಳಾಟಿಕೆಯ ಪೆಟ್ಟಿಗೆಯಿಂದಲೇ ಶುರುವಾಯ್ತು ನೋಡಿ.

2005ರಲ್ಲಿ ಮನೆಮಟ್ಟಕ್ಕೆ ಎರಡು ದಾರಿ ತೆರೆದವು. ಫ್ರಾನ್ಸ್‌ನ ಒಲಿವಿಯೇ ಕೊಶಾರ್-ಲಾಬೆ ಫ್ರೀನ್ಯಾಸ್ ಶುರು ಮಾಡಿದರು. ಹಳೇ ಪಿಸಿಯನ್ನೇ ನ್ಯಾಸ್ ಮಾಡೋ ಉಚಿತ ತಂತ್ರಾಂಶ. ಇವತ್ತು ಅದು ಟ್ರೂನ್ಯಾಸ್. ಅದೇ ವರ್ಷ ಅಮೆರಿಕದ ಲೈಮ್ ಟೆಕ್ನಾಲಜಿ ಅನ್‌ರೇಡ್ ಅನ್ನೋದನ್ನ ತಂದಿತು. ಮೂಲೆಗೆ ಬಿದ್ದ ಡಿಸ್ಕ್ ಬಳಸೋರಿಗೆ ಈ ಎರಡನೆಯದು ಯಾಕೆ ಮುಖ್ಯ ಅಂತ ಒಂದು ಉದಾಹರಣೆ ನೋಡೋಣ.

ನಿಮ್ಮ ಹತ್ತಿರ 1, 2, 2, 4 ಟಿಬಿಯ ನಾಲ್ಕು ಡಿಸ್ಕ್ ಇವೆ. ಒಟ್ಟು 9 ಟಿಬಿ. ಸಾಂಪ್ರದಾಯಿಕ ರೇಡ್ 5ರಲ್ಲಿ ಎಲ್ಲರನ್ನೂ ಚಿಕ್ಕವನ ಮಟ್ಟಕ್ಕೆ ಇಳಿಸ್ತಾರೆ. ಪ್ರತಿಯೊಂದರಿಂದ 1 ಟಿಬಿ ಮಾತ್ರ, ಅದರಲ್ಲಿ ಒಂದು ಪಾಲು ಪ್ಯಾರಿಟಿಗೆ. ಕೈಗೆ ಸಿಗೋದು ಬರೀ 3 ಟಿಬಿ. ಅನ್‌ರೇಡ್ ಪದ್ಧತಿಯಲ್ಲಿ ದೊಡ್ಡಣ್ಣ, ಅಂದ್ರೆ 4 ಟಿಬಿ ಡಿಸ್ಕ್, ಪ್ಯಾರಿಟಿ ಹೊರ್ತಾನೆ. ಉಳಿದ 1, 2, 2 ಸೇರಿ 5 ಟಿಬಿ ಪೂರ್ತಿ ಬಳಕೆಗೆ. ಇನ್ನೊಂದು ಅನುಕೂಲ ಇದೆ. ಇಲ್ಲಿ ಒಂದು ಫೈಲ್ ಒಂದೇ ಡಿಸ್ಕ್‌ನಲ್ಲಿ ಇಡಿಯಾಗಿ ಇರುತ್ತೆ. ಅಕಸ್ಮಾತ್ ಎರಡು ಡಿಸ್ಕ್ ಒಟ್ಟಿಗೆ ಹೋದರೂ ಉಳಿದವುಗಳಲ್ಲಿ ಇರೋದು ಸಿಗುತ್ತೆ. ರೇಡ್ 5ರಲ್ಲಿ ಹಾಗಾದರೆ ಎಲ್ಲಾ ಹೋಯ್ತು.

2007ರಲ್ಲಿ ಬಂದ ಡ್ರೋಬೋ ಇನ್ನೂ ಸಲೀಸು. ಯಾವ ಅಳತೆಯ ಡಿಸ್ಕ್ ಬೇಕಾದರೂ ತೂರಿಸಿ, ದೀಪ ಹಸಿರಾದರೆ ಸಾಕು. ಜನ ಮೆಚ್ಚಿದರು. ಆದರೆ ಒಳಗೆ ಬರೆಯೋ ವಿಧಾನ ಆ ಕಂಪನಿಯದೇ ಸ್ವಂತದ್ದು. ಡಿಸ್ಕ್ ಕಿತ್ತು ಬೇರೆ ಕಂಪ್ಯೂಟರ್‌ಗೆ ಹಾಕಿದರೆ ನೇರವಾಗಿ ಓದೋಕೆ ಆಗಲ್ಲ. 2022ರಲ್ಲಿ ಅದರ ಮಾಲೀಕ ಕಂಪನಿ ದಿವಾಳಿ ಅರ್ಜಿ ಹಾಕಿತು. ಡಿಸ್ಕ್ ಗಟ್ಟಿಯಾಗಿಯೇ ಇದೆ, ಓದೋ ಪೆಟ್ಟಿಗೆಗೆ ದಿಕ್ಕಿಲ್ಲ. ಮನೆಯಲ್ಲಿ ಇಟ್ಟುಕೊಂಡರೂ ಬೀಗದ ಕೈ ಇನ್ನೊಬ್ಬರ ಹತ್ತಿರ ಇದ್ದರೆ ಅದೂ ಒಂಥರಾ ಬಾಡಿಗೆಯೇ.

ಪ್ರವಾಹ ಬಂದ ವರ್ಷ

ಅಗ್ಗದ ಡಿಸ್ಕ್‌ನಿಂದ ದೊಡ್ಡ ವ್ಯಾಪಾರವೂ ನಡೆಯುತ್ತೆ ಅಂತ ತೋರಿಸಿದ್ದು ಬ್ಯಾಕ್‌ಬ್ಲೇಜ್ ಅನ್ನೋ ಅಮೆರಿಕದ ಬ್ಯಾಕಪ್ ಕಂಪನಿ. 2009ರಲ್ಲಿ ಅವರು 1.5 ಟಿಬಿಯ 45 ಸಾಮಾನ್ಯ ಡಿಸ್ಕ್ ತುಂಬಿದ 67 ಟಿಬಿಯ ಪೆಟ್ಟಿಗೆಯನ್ನ 7,867 ಡಾಲರ್‌ನಲ್ಲಿ ಮಾಡೋದು ಹೇಗೆ ಅಂತ ನಕ್ಷೆ ಸಮೇತ ಎಲ್ಲರಿಗೂ ಬಿಟ್ಟುಕೊಟ್ಟರು.

2011ರ ಕೊನೆಯಲ್ಲಿ ಥಾಯ್ಲೆಂಡ್‌ನಲ್ಲಿ ಭೀಕರ ಪ್ರವಾಹ. ಜಗತ್ತಿನ ಡಿಸ್ಕ್‌ಗಳ ದೊಡ್ಡ ಪಾಲು ತಯಾರಾಗ್ತಿದ್ದ ಆ ದೇಶದಲ್ಲಿ ಕಾರ್ಖಾನೆಗಳೇ ಮುಳುಗಿದವು. ಬಿಡಿ ಡಿಸ್ಕ್‌ಗಳ ಬೆಲೆ ಗಗನಕ್ಕೇರಿತು. ವಿಚಿತ್ರ ಅಂದ್ರೆ ಅಂಗಡಿಯಲ್ಲಿ ಸಿಗೋ ಯುಎಸ್‌ಬಿ ಎಕ್ಸ್‌ಟರ್ನಲ್ ಡಿಸ್ಕ್‌ಗಳು ಅದಕ್ಕಿಂತ ಅಗ್ಗವಾಗಿದ್ದವು. ಬ್ಯಾಕ್‌ಬ್ಲೇಜ್‌ನ ನೌಕರರು, ಅವರ ಗೆಳೆಯರು, ಮನೆಯವರು ಅಂಗಡಿ ಅಂಗಡಿ ಸುತ್ತಿ, 'ಒಬ್ಬರಿಗೆ ಎರಡೇ' ಅಂದ ಕಡೆ ಎರಡೆರಡೇ ಕೊಂಡು, ಕವಚ ಒಡೆದು ಒಳಗಿನ ಡಿಸ್ಕ್ ತೆಗೆದು ಸರ್ವರ್‌ಗೆ ಹಾಕಿದರು. ಎಕ್ಸ್‌ಟರ್ನಲ್ ಡಿಸ್ಕ್ ಸುಲಿದು ನ್ಯಾಸ್‌ಗೆ ಹಾಕೋ ಇವತ್ತಿನ ಹವ್ಯಾಸಿಗಳ ಚಾಳಿ ನೋಡಿ ಯಾರಾದರೂ ನಕ್ಕರೆ ಈ ಕಥೆ ಹೇಳಿ.

ಹಳೇ ಡಿಸ್ಕನ್ನ ಎಷ್ಟು ನಂಬೋದು?

ಈಗ ಕಹಿ ಮಾತು. 2007ರಲ್ಲಿ ಗೂಗಲ್ ಸಂಶೋಧಕರು ತಮ್ಮಲ್ಲಿನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನ ಪ್ರಕಟಿಸಿದರು. ಮೇಲ್ಮೈ ತಪಾಸಣೆಯಲ್ಲಿ ಒಂದು ಸಲ ದೋಷ ಕಂಡ ಡಿಸ್ಕ್, ಮುಂದಿನ 60 ದಿನದೊಳಗೆ ಕೆಡೋ ಸಂಭವ ದೋಷವಿಲ್ಲದ್ದಕ್ಕಿಂತ 39 ಪಟ್ಟು ಹೆಚ್ಚು. ಹಾಗಂತ ದೋಷ ಕಾಣಿಸದಿದ್ದರೆ ನಿಶ್ಚಿಂತೆ ಅಂತಲ್ಲ. ಕೆಟ್ಟ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಮುಖ್ಯವಾದ ಯಾವ ಮುನ್ಸೂಚನೆಯನ್ನೂ ಕೊಡದೆ ಕೆಟ್ಟಿದ್ದವು.

ಇನ್ನೊಂದು ಅಪಾಯ ಡಿಸ್ಕ್ ಬದಲಿಸಿದ ಮೇಲಿನದು. ಹೊಸದನ್ನು ತುಂಬಿಸೋಕೆ ಉಳಿದ ಡಿಸ್ಕ್‌ಗಳನ್ನ ಮೊದಲಿಂದ ಕೊನೆವರೆಗೆ ಓದಬೇಕು. 4 ಟಿಬಿಯನ್ನ ಸೆಕೆಂಡಿಗೆ 150 ಎಂಬಿ ವೇಗದಲ್ಲಿ ಓದಿದರೂ ಏಳು ಗಂಟೆ ಮೀರುತ್ತೆ. ಮೂಲೆಯಲ್ಲಿದ್ದ ಮುದುಕರನ್ನೆಲ್ಲಾ ಎಬ್ಬಿಸಿ ಏಳು ಗಂಟೆ ಓಡಿಸಿದ ಹಾಗೆ. ಎರಡನೆಯವರು ಬೀಳೋದು ಇಂಥ ಹೊತ್ತಲ್ಲೇ.

ಮೂರನೆಯದು, ರೇಡ್ ಅಂದ್ರೆ ಬ್ಯಾಕಪ್ ಅಲ್ಲ. ನೀವು ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಅದು ಎಲ್ಲಾ ಡಿಸ್ಕ್‌ನಿಂದಲೂ ಅಷ್ಟೇ ಶ್ರದ್ಧೆಯಿಂದ ಅಳಿಸುತ್ತೆ. 2021ರ ಜೂನ್‌ನಲ್ಲಿ ಡಬ್ಲ್ಯೂಡಿ ಕಂಪನಿಯ ಮೈ ಬುಕ್ ಲೈವ್ ಅನ್ನೋ ಹಳೇ ಪೆಟ್ಟಿಗೆಗಳಿಗೆ ಇಂಟರ್ನೆಟ್ ಮೂಲಕ ದಾಳಿ ನಡೆದು, ಹಲವು ದೇಶಗಳ ಜನರ ಫೈಲುಗಳು ಮಾಯವಾದವು. ಡಿಸ್ಕ್ ಕೆಟ್ಟಿರಲಿಲ್ಲ. ಪೆಟ್ಟಿಗೆ ಹಳೆಯದು, ಭದ್ರತಾ ಅಪ್‌ಡೇಟ್ ನಿಂತು ವರ್ಷಗಳಾಗಿತ್ತು, ಆದರೂ ಇಂಟರ್ನೆಟ್‌ಗೆ ತೆರೆದುಕೊಂಡಿತ್ತು.

ಹಾಗಾಗಿ ಮನೆಯಲ್ಲಿ ಮಾಡೋರಿಗೆ ಈ ಇತಿಹಾಸ ಹೇಳಿಕೊಡೋದು ಇಷ್ಟು. ಡಿಸ್ಕ್ ಹಾಕೋ ಮೊದಲು ಸ್ಮಾರ್ಟ್ ವರದಿ ನೋಡಿ. ಅದರಲ್ಲಿ 'ರೀಅಲೊಕೇಟೆಡ್', 'ಪೆಂಡಿಂಗ್' ಅನ್ನೋ ಸಾಲುಗಳಲ್ಲಿ ಸೊನ್ನೆ ಇರಬೇಕು. ಸೊನ್ನೆ ಇಲ್ಲದಿದ್ದರೆ ಆ ಡಿಸ್ಕ್‌ಗೆ ನಿವೃತ್ತಿ ಕೊಡಿ. ಇಡೀ ಡಿಸ್ಕನ್ನು ಒಂದು ಸಲ ಬರೆದು ಓದಿಸಿ ಪರೀಕ್ಷಿಸಿ. ಇನ್ನೊಂದು ಯಂತ್ರದಲ್ಲೂ ಓದಬಹುದಾದ ತೆರೆದ ವಿಧಾನವನ್ನೇ ಆರಿಸಿ. ಪೆಟ್ಟಿಗೆಯನ್ನು ನೇರವಾಗಿ ಇಂಟರ್ನೆಟ್‌ಗೆ ತೆರೆಯಬೇಡಿ. ಬರೆಯೋ ಹೊತ್ತಲ್ಲಿ ಕರೆಂಟ್ ಹೋದರೆ ಲೆಕ್ಕ ಅರ್ಧಕ್ಕೇ ನಿಲ್ಲುತ್ತೆ, ನಮ್ಮ ಊರುಗಳಲ್ಲಿ ಒಂದು ಸಣ್ಣ ಯುಪಿಎಸ್ ಇದ್ದರೆ ಒಳ್ಳೇದು. ಕೇಬಲ್ಲು, ಹಳೇ ಕ್ಯಾಬಿನೆಟ್ಟು ಬೆಂಗಳೂರಿನ ಎಸ್‌ಪಿ ರೋಡ್ ಥರದ ಕಡೆ ಸಿಗುತ್ತವೆ.

ಖರ್ಚಿನ ಲೆಕ್ಕವನ್ನೂ ಹಾಕಿಕೊಳ್ಳಿ. ಪೆಟ್ಟಿಗೆ ಸರಾಸರಿ 40 ವ್ಯಾಟ್ ಎಳೆದರೆ, ದಿನದ 24 ಗಂಟೆಯೂ ಓಡಿದರೆ, ತಿಂಗಳಿಗೆ ಸುಮಾರು 29 ಯೂನಿಟ್. ನಿಮ್ಮ ಬಿಲ್ಲಿನ ದರದಿಂದ ಗುಣಿಸಿ ಕ್ಲೌಡ್ ಬಾಡಿಗೆ ಪಕ್ಕ ಇಟ್ಟು ನೋಡಿ. 100 ಜಿಬಿ ಮಾತ್ರ ಬೇಕಾದೋರಿಗೆ ಬಾಡಿಗೆಯೇ ಲಾಭ ಇರಬಹುದು. ಮೂರ್ನಾಲ್ಕು ಟಿಬಿ ಇರೋರಿಗೆ ಲೆಕ್ಕ ತಿರುಗಬಹುದು.

ಇನ್ನು ಪೀಟರ್ ಕ್ರೋ ಅನ್ನೋ ಅಮೆರಿಕದ ಫೋಟೋಗ್ರಾಫರ್ ಜನಪ್ರಿಯ ಮಾಡಿದ 3-2-1 ಸೂತ್ರ: ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಮನೆಯಿಂದ ಹೊರಗೆ. ಹಳೇ ಡಿಸ್ಕ್‌ಗಳ ಪೆಟ್ಟಿಗೆ ಆ ಮೂರರಲ್ಲಿ ಒಂದಾಗಿದ್ದರೆ ಚೆನ್ನ. ಅದೊಂದೇ ಆಧಾರ ಆಗಬಾರದು. ಅಮ್ಮನ ದನಿ ಇರೋ ವಾಯ್ಸ್ ಮೆಸೇಜು, ಮಗುವಿನ ಮೊದಲ ಹೆಜ್ಜೆಯ ವಿಡಿಯೋ, ಇಂಥವಕ್ಕೆ ಇನ್ನೊಂದು ಪ್ರತಿ ಊರಲ್ಲಿರೋ ಅಕ್ಕನ ಮನೆಯ ಒಂದು ಡಿಸ್ಕ್‌ನಲ್ಲಿ ಇರಲಿ, ಅಥವಾ ಆಯ್ದ ಅಷ್ಟನ್ನೇ ಕ್ಲೌಡ್‌ನಲ್ಲಿ ಇಡಿ. ಬಾಡಿಗೆ ಕಟ್ಟೋದು ತಪ್ಪೇನಲ್ಲ. ಒಂದು ತಿಂಗಳು ಕಟ್ಟೋಕೆ ಆಗದಿದ್ದರೆ, ಅಥವಾ ಖಾತೆಯೇ ಬಂದ್ ಆದರೆ, ಆಗಲೂ ನಿಮ್ಮ ಕೈಲಿ ಏನು ಉಳಿಯುತ್ತೆ ಅಂತ ಮೊದಲೇ ಗೊತ್ತಿರಬೇಕು.

ಈ ಭಾನುವಾರ ಮನೆಯಲ್ಲಿರೋ ಹಳೇ ಡಿಸ್ಕ್‌ಗಳನ್ನೆಲ್ಲಾ ಒಂದು ಕಡೆ ಇಟ್ಟು, ಪ್ರತಿಯೊಂದರ ಮೇಲೂ ಅಳತೆ, ವರ್ಷ, ಸ್ಮಾರ್ಟ್ ವರದಿ ಏನನ್ನುತ್ತೆ ಅಂತ ಒಂದು ಚೀಟಿ ಅಂಟಿಸಿ. ಪೆಟ್ಟಿಗೆ ಕಟ್ಟೋದು, ಬಿಡೋದು ಆಮೇಲೆ ನೋಡೋಣ.